ಕೆತ್ತುವುದು ಕೊನೆಗೆ: ಫಾಲ್ ಮತ್ತು ಹ್ಯಾಲೋವೀನ್ ಅಲಂಕಾರ ಮನೆಯಲ್ಲೇ

ಸೆಪ್ಟೆಂಬರ್ ಅರ್ಧ ಕಳೆಯುವಷ್ಟರಲ್ಲಿ ಅಮೆರಿಕದ ಅಂಗಡಿಗಳ ಮುಂದೆ ಕುಂಬಳಕಾಯಿ ರಾಶಿ ಬಿದ್ದಿರುತ್ತದೆ. ಒಳಗೆ ಹೋದರೆ ಪ್ಲಾಸ್ಟಿಕ್ ಎಲೆ, ಪ್ಲಾಸ್ಟಿಕ್ ಜೇಡ, ಪ್ಲಾಸ್ಟಿಕ್ ತಲೆಬುರುಡೆ. 2020ರಲ್ಲಿ 12 ಅಡಿ ಎತ್ತರದ ಅಸ್ಥಿಪಂಜರವೂ ಮಾರಾಟಕ್ಕೆ ಬಂತು. ನೋಡಲು ಮಜವಾಗಿದೆ, ಒಪ್ಪಿಕೊಳ್ಳೋಣ. ಆದರೆ ಉಳಿದ ಹನ್ನೊಂದು ತಿಂಗಳು ಅದನ್ನು ಮಲಗಿಸುವುದೆಲ್ಲಿ?

ಅಂಥ ಸಾಮಾನು ಬೇಡ ಅನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಉದುರಿದ ಎಲೆ, ಪೈನ್ ಕೋನ್ ಅನ್ನುವ ಪೈನ್ ಮರದ ಒಣ ಕಾಯಿ, ಜೋಳದ ಸಿಪ್ಪೆ, ಹಳೇ ಶರ್ಟು, ಬಾಸ್ಮತಿ ಅಕ್ಕಿಯ ಖಾಲಿ ಚೀಲ, ಕಪ್ಪು ಕಾಗದ, ಮೂರ್ನಾಲ್ಕು ಕುಂಬಳಕಾಯಿ. ಇಷ್ಟಿದ್ದರೆ ಮನೆಯ ಮುಂದೆ ಕಳೆ ಬರುತ್ತದೆ. ಕೈಚಳಕ ಜಾಸ್ತಿ ಬೇಕಿಲ್ಲ. ಬೇಕಾದದ್ದು ಯಾವುದನ್ನು ಯಾವಾಗ ಮಾಡಬೇಕು ಅನ್ನುವ ಲೆಕ್ಕ. ಈ ಅಲಂಕಾರದಲ್ಲಿ ಅರ್ಧದಷ್ಟು ಕೊಳೆಯುವ ಸಾಮಾನು. ಅಕ್ಟೋಬರ್ ಮೊದಲ ವಾರ ಹುರುಪಿನಲ್ಲಿ ಕುಂಬಳಕಾಯಿ ಕೆತ್ತಿಟ್ಟರೆ ಅಕ್ಟೋಬರ್ 31ರ ಹ್ಯಾಲೋವೀನ್ ದಿನ ಬಾಗಿಲಲ್ಲಿ ಬೂಷ್ಟು ಹಿಡಿದ ಮುದ್ದೆ ಕೂತಿರುತ್ತದೆ.

ಅದಕ್ಕೆ ಕೆಲಸವನ್ನು ಎರಡು ಪದರ ಮಾಡಿಕೊಳ್ಳಿ. ಮೊದಲನೆಯದು ಫಾಲ್, ಅಂದರೆ ಎಲೆ ಉದುರುವ ಕಾಲದ ಪದರ: ಎಲೆ, ಜೋಳ, ಇಡೀ ಕುಂಬಳಕಾಯಿ, ಬೆರ್ಚಪ್ಪ. ಇದು ಸೆಪ್ಟೆಂಬರ್ ಕೊನೆಗೆ ಹತ್ತಿದರೆ ನವೆಂಬರಿನ ನಾಲ್ಕನೇ ಗುರುವಾರ, ಅಂದರೆ ಅಮೆರಿಕದ ಹಬ್ಬವಾದ ಥ್ಯಾಂಕ್ಸ್‌ಗಿವಿಂಗ್‌ವರೆಗೆ ಇಳಿಯಬೇಕಿಲ್ಲ. ಎರಡನೆಯದು ಹ್ಯಾಲೋವೀನ್ ಪದರ: ದೆವ್ವ, ಬಾವಲಿ, ಜೇಡರ ಬಲೆ, ಕೆತ್ತಿದ ಮುಖ. ಇದು ಅಕ್ಟೋಬರ್ 15ರ ನಂತರ ಬಂದು 31ರ ರಾತ್ರಿ ಮುಗಿಯುತ್ತದೆ. ನಾನು ಹೇಳುವ ತಾರೀಕುಗಳು ಮಿಶಿಗನ್, ಒಹಾಯೊ, ನ್ಯೂಜೆರ್ಸಿಯಂಥ ಚಳಿ ಬೇಗ ಬರುವ ಕಡೆಗೆ ಸರಿ. ಟೆಕ್ಸಸ್‌ನಲ್ಲೋ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲೋ ಇದ್ದರೆ ಕುಂಬಳಕಾಯಿ ವಿಷಯದಲ್ಲಿ ಇನ್ನೂ ಎರಡು ದಿನ ತಡ ಮಾಡಿ.

ಎಲೆ ಆರಿಸುವುದು, ಒಣಗಿಸುವುದು

ಮರದ ಎಲೆಯಲ್ಲಿ ಹಳದಿ ಬಣ್ಣ ಮೊದಲಿನಿಂದಲೂ ಇರುತ್ತದೆ. ಹಸಿರು ಅದನ್ನು ಮುಚ್ಚಿರುತ್ತದೆ, ಅಷ್ಟೇ. ಹಗಲು ಚಿಕ್ಕದಾದಂತೆ ಹಸಿರು ಕರಗಿ ಹಳದಿ ಹೊರಗೆ ಬರುತ್ತದೆ. ಕೆಂಪಿನ ಕಥೆ ಬೇರೆ. ಹೆಚ್ಚಿನ ಮರಗಳು ಅದನ್ನು ಫಾಲ್‌ನಲ್ಲೇ ಹೊಸದಾಗಿ ತಯಾರಿಸುತ್ತವೆ. ಹಗಲು ಒಳ್ಳೆ ಬಿಸಿಲು, ರಾತ್ರಿ ಹೆಪ್ಪುಗಟ್ಟದಷ್ಟು ತಂಪು ಇದ್ದ ವರ್ಷ ಕೆಂಪು ಜೋರಾಗಿರುತ್ತದೆ. ಅಂಥ ವಾರ ಸಿಕ್ಕರೆ ಬಿಡಬೇಡಿ. ಮೇಪಲ್ ಎಲೆಗೆ ಆಕಾರವೂ ಇದೆ, ಬಣ್ಣವೂ ಇದೆ. ಓಕ್ ಎಲೆ ದಪ್ಪ, ಕಂದು ಬಣ್ಣ, ತುಂಬ ದಿನ ಬಾಳುತ್ತದೆ. ಗಿಂಕೊ ಮರದ ಬೀಸಣಿಗೆಯಂಥ ಹಳದಿ ಎಲೆ ಸಿಕ್ಕರಂತೂ ಅದೃಷ್ಟ.

ಒಂದು ಎಚ್ಚರಿಕೆ. ಫಾಲ್‌ನಲ್ಲಿ ಅತಿ ಚೆಂದದ ಕೆಂಪು ತೋರಿಸುವ ಬಳ್ಳಿಗಳಲ್ಲಿ ಪಾಯ್ಸನ್ ಐವಿಯೂ ಒಂದು. ಒಂದು ತೊಟ್ಟಿಗೆ ಮೂರು ಎಲೆ, ಮಧ್ಯದ ಎಲೆಯ ತೊಟ್ಟು ಮಾತ್ರ ಉದ್ದ. ಹೀಗಿದ್ದರೆ ಮುಟ್ಟಬೇಡಿ. ಒಣಗಿದ ಎಲೆಯ ಎಣ್ಣೆ ತಾಗಿದರೂ ಮೈಯೆಲ್ಲ ತುರಿಕೆ, ಗುಳ್ಳೆ. ಮಕ್ಕಳನ್ನು ಎಲೆ ಹೆಕ್ಕಲು ಬಿಡುವ ಮುಂಚೆ ಇದನ್ನು ತೋರಿಸಿಕೊಡಿ. ಇನ್ನು ನ್ಯಾಷನಲ್ ಪಾರ್ಕುಗಳಿಂದ ಎಲೆ, ಕೋನ್ ತರುವಂತಿಲ್ಲ. ನಿಮ್ಮ ಹಿತ್ತಲು, ಪಕ್ಕದ ಮನೆಯವರ ಹಿತ್ತಲು ಸಾಕು. ಗುಡಿಸಿಕೊಟ್ಟರೆ ಅವರಿಗೂ ಸಂತೋಷ.

ಇಬ್ಬನಿ ಆರಿದ ಮೇಲೆ, ಮಧ್ಯಾಹ್ನದ ಹೊತ್ತು ಹೆಕ್ಕಿ. ಆಗ ತಾನೇ ಬಿದ್ದ, ಬಗ್ಗಿಸಿದರೆ ಮುರಿಯದ ಎಲೆ ಬೇಕು. ಒದ್ದೆ ಎಲೆ ಒಣಗುವಾಗ ಕಪ್ಪಾಗುತ್ತದೆ. ಆಮೇಲೆ ನಾಲ್ಕು ದಾರಿ ಇವೆ.

ಸುಲಭದ್ದು ಪುಸ್ತಕದ ದಾರಿ. ನ್ಯೂಸ್‌ಪೇಪರ್ ಹಾಳೆಗಳ ನಡುವೆ ಎಲೆ ಒಂದಕ್ಕೊಂದು ತಾಗದಂತೆ ಇಟ್ಟು, ಮೇಲೆ ಭಾರದ ಪುಸ್ತಕ ಹೇರಿ. ಒಂದು ವಾರದಿಂದ ಹತ್ತು ದಿನ. ನಡುವೆ ಒಮ್ಮೆ ಹಾಳೆ ಬದಲಾಯಿಸಿದರೆ ಬಣ್ಣ ಚೆನ್ನಾಗಿ ಉಳಿಯುತ್ತದೆ. ಹೀಗೆ ಒಣಗಿದ ಎಲೆ ಚಪ್ಪಟೆ, ಆದರೆ ಗರಿಗರಿ. ಮುಟ್ಟಿದರೆ ಪುಡಿಯಾಗಬಹುದು.

ಎರಡನೆಯದು ಮೇಣ. ನನಗೆ ಇದೇ ಇಷ್ಟ. ಒಂದೆರಡು ದಿನ ಪುಸ್ತಕದಲ್ಲಿ ಒತ್ತಿಟ್ಟ ಎಲೆ ತಗೊಳ್ಳಿ. ಜೇನುಮೇಣವನ್ನೋ ಸೋಯಾ ಮೇಣವನ್ನೋ ಒಂದು ಹಳೇ ಡಬ್ಬಿಗೆ ಹಾಕಿ, ಆ ಡಬ್ಬಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ. ಮೇಣವನ್ನು ನೇರವಾಗಿ ಒಲೆಯ ಮೇಲೆ ಯಾವತ್ತೂ ಇಡಬೇಡಿ, ಬೆಂಕಿ ಹಿಡಿಯುತ್ತದೆ. ಎಲೆಯ ತೊಟ್ಟು ಹಿಡಿದು ಮೇಣದಲ್ಲಿ ಅದ್ದಿ, ಕೂಡಲೇ ಎತ್ತಿ, ಎರಡು ಸಲ ಒದರಿ, ಕಾಗದದ ಮೇಲೆ ಇಡಿ. ಎರಡು ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಬಣ್ಣ ವಾರಗಟ್ಟಲೆ ಹಾಗೇ ಇರುತ್ತದೆ. ಆ ಡಬ್ಬಿ ಮಾತ್ರ ಮತ್ತೆ ಅಡುಗೆಗೆ ಬರುವುದಿಲ್ಲ. ಕರಗಿದ ಮೇಣವನ್ನು ಸಿಂಕಿಗೆ ಸುರಿದರೆ ಪ್ಲಂಬರ್‌ಗೆ ಫೋನ್ ಮಾಡಬೇಕಾಗುತ್ತದೆ.

ಮಕ್ಕಳ ಜೊತೆ ಮಾಡುವುದಾದರೆ ಎಲೆಯನ್ನು ಎರಡು ವ್ಯಾಕ್ಸ್ ಪೇಪರ್ ಹಾಳೆಗಳ ನಡುವೆ ಇಟ್ಟು, ಮೇಲೊಂದು ತೆಳು ಬಟ್ಟೆ ಹಾಸಿ, ಹಬೆ ಬಿಡದೆ ಇಸ್ತ್ರಿ ಮಾಡಿ. ಇಸ್ತ್ರಿಪೆಟ್ಟಿಗೆ ದೊಡ್ಡವರ ಕೈಯಲ್ಲಿರಲಿ. ಮೇಣ ಕರಗಿ ಎರಡೂ ಹಾಳೆ ಅಂಟಿಕೊಳ್ಳುತ್ತವೆ. ಬೇಕಿಂಗ್‌ಗೆ ಬಳಸುವ ಪಾರ್ಚ್‌ಮೆಂಟ್ ಪೇಪರ್ ಇದಕ್ಕೆ ಆಗುವುದಿಲ್ಲ, ಅದರಲ್ಲಿ ಮೇಣವೇ ಇಲ್ಲ. ಕತ್ತರಿಸಿ ಕಿಟಕಿಗೆ ಅಂಟಿಸಿದರೆ ಬಿಸಿಲು ಬಿದ್ದಾಗ ಎಲೆಯ ನರಗಳೆಲ್ಲ ಕಾಣುತ್ತವೆ.

ಗ್ಲಿಸರಿನ್ ದಾರಿಯೂ ಇದೆ. ಒಂದು ಪಾಲು ಗ್ಲಿಸರಿನ್, ಎರಡು ಪಾಲು ನೀರು ಬೆರೆಸಿ, ಅಗಲ ತಟ್ಟೆಯಲ್ಲಿ ಎಲೆ ಮುಳುಗಿಸಿ, ಮೇಲೊಂದು ತಟ್ಟೆ ಭಾರಕ್ಕಿಡಿ. ಮೂರರಿಂದ ಐದು ದಿನ ಬಿಟ್ಟು ಒರೆಸಿ. ಎಲೆ ಬಟ್ಟೆಯಂತೆ ಮೆತ್ತಗೆ ಉಳಿಯುತ್ತದೆ, ಬಣ್ಣ ಸ್ವಲ್ಪ ಕಡುವಾಗುತ್ತದೆ. ತೋರಣಕ್ಕೆ ಇದು ಹೇಳಿಮಾಡಿಸಿದ್ದು.

ಮೇಪಲ್ ತೋರಣ

ಮಾವಿನೆಲೆ ತೋರಣ ಕಟ್ಟಿ ಗೊತ್ತಿದ್ದವರಿಗೆ ಇದರಲ್ಲಿ ಕಲಿಯುವುದು ಏನೂ ಇಲ್ಲ. ಅಮೆರಿಕದ ಮುಂಬಾಗಿಲು ಸಾಮಾನ್ಯವಾಗಿ 36 ಇಂಚು ಅಗಲ. 60 ಇಂಚು ಗಟ್ಟಿ ದಾರ ತಗೊಳ್ಳಿ. ಇಳಿಬೀಳಲು, ಎರಡು ತುದಿಗೆ ಗಂಟು ಹಾಕಲು ಅಷ್ಟು ಬೇಕು. ದೊಡ್ಡ ಸೂಜಿಗೆ ಪೋಣಿಸಿ, ಎಲೆಯ ಬುಡದಲ್ಲಿ, ತೊಟ್ಟು ಸೇರುವ ಜಾಗದಿಂದ ಕಾಲು ಇಂಚು ಕೆಳಗೆ, ಹಿಂದಿನಿಂದ ಮುಂದಕ್ಕೆ, ಮತ್ತೆ ಮುಂದಿನಿಂದ ಹಿಂದಕ್ಕೆ ಚುಚ್ಚಿ. ಒಂದೇ ತೂತು ಮಾಡಿದರೆ ಗಾಳಿಗೆ ಎಲೆ ತಿರುಗಿಕೊಳ್ಳುತ್ತದೆ. ಎರಡು ಇಂಚಿಗೊಂದು ಎಲೆ. ಕೆಂಪು, ಹಳದಿ ಅಂತ ಲೆಕ್ಕ ಹಾಕಿ ಜೋಡಿಸಬೇಡಿ, ಸಿಕ್ಕಹಾಗೆ ಪೋಣಿಸಿದರೇ ಲಕ್ಷಣ. ಬಾಡಿಗೆ ಮನೆಯಾದರೆ ಮೊಳೆ ಹೊಡೆಯುವ ಹಾಗಿಲ್ಲ, ಗುರುತು ಬೀಳದಂತೆ ತೆಗೆಯಬಹುದಾದ ಅಂಟು ಕೊಕ್ಕೆ ಬಳಸಿ.

ಪೈನ್ ಕೋನ್, ಏಕಾರ್ನ್ ಅನ್ನುವ ಓಕ್ ಕಾಯಿ ಇವೆರಡನ್ನೂ ತೋರಣದ ತುದಿಗೆ ಕಟ್ಟಬಹುದು, ಗಾಜಿನ ಬಟ್ಟಲಲ್ಲಿ ತುಂಬಿಡಬಹುದು. ಆದರೆ ಹಾಗೇ ಮನೆಯೊಳಗೆ ತರಬೇಡಿ. ಏಕಾರ್ನ್ ಒಳಗೆ ಹುಳ ಇರುತ್ತದೆ. ನಾಲ್ಕು ದಿನ ಬಿಟ್ಟು ಮೇಜಿನ ಮೇಲೆ ಬಿಳಿ ಹುಳ ಹರಿದಾಡುವುದು ಯಾರಿಗೆ ಬೇಕು? ಟ್ರೇಗೆ ಫಾಯಿಲ್ ಹಾಸಿ, ಒಂದೇ ಪದರವಾಗಿ ಹರಡಿ, ಅವನ್‌ನಲ್ಲಿ 200 ಡಿಗ್ರಿ ಫ್ಯಾರನ್‌ಹೀಟ್‌ಗೆ ಒಂದು ಗಂಟೆ ಇಡಿ. ಪಕ್ಕದಲ್ಲೇ ಇರಿ, ಕೋನ್‌ನ ಅಂಟು ಕರಗಿ ತೊಟ್ಟಿಕ್ಕುತ್ತದೆ. ಮುಚ್ಚಿದ್ದ ಕೋನ್ ಶಾಖಕ್ಕೆ ಅರಳಿಕೊಳ್ಳುತ್ತದೆ. ಮನೆ ತುಂಬ ಪೈನ್ ವಾಸನೆ ಬರುವುದು ಪುಕ್ಕಟೆ ಲಾಭ.

ಜೋಳದ ಸಿಪ್ಪೆಯ ರೀತ್

ಬಾಗಿಲಿಗೆ ನೇತುಹಾಕುವ ದುಂಡನೆಯ ರೀತ್ ಅಂಗಡಿಯಲ್ಲಿ ದುಬಾರಿ. ಮನೆಯಲ್ಲಿ ಒಂದು ತಂತಿ ಹ್ಯಾಂಗರ್ ಸಾಕು. ಮೆಕ್ಸಿಕನ್ ದಿನಸಿ ಅಂಗಡಿಗೆ ಹೋಗಿ. ತಮಾಲೆ ಅನ್ನುವ ತಿಂಡಿ ಮಾಡಲು ಬಳಸುವ ಮುಸುಕಿನ ಜೋಳದ ಒಣ ಸಿಪ್ಪೆ ಪೊಟ್ಟಣಗಳಲ್ಲಿ ಸಿಗುತ್ತದೆ. ಒಂದು ಪೌಂಡ್ ತಂದರೆ ಮಿಗುತ್ತದೆ.

ಸಿಪ್ಪೆಯನ್ನು ಬಿಸಿನೀರಿನಲ್ಲಿ ಕಾಲು ಗಂಟೆ ನೆನೆಸಿ. ಮೆತ್ತಗಾದ ಮೇಲೆ ಟವೆಲ್‌ನಿಂದ ಒತ್ತಿ. ಹ್ಯಾಂಗರನ್ನು ಎಳೆದು ದುಂಡಗೆ ಬಗ್ಗಿಸಿ, ಕೊಕ್ಕೆ ಹಾಗೇ ಇರಲಿ, ತೂಗುಹಾಕಲು ಬೇಕಾಗುತ್ತದೆ. ಎರಡು ಇಂಚು ಅಗಲದ ಸಿಪ್ಪೆಯನ್ನು ಮುರಿಯದೆ ಮಧ್ಯಕ್ಕೆ ಮಡಿಸಿ ಕುಣಿಕೆ ಮಾಡಿ. ಎರಡೂ ತುದಿ ಸೇರಿಸಿ ಹಿಂಡಿ ಹಿಡಿದು, ತೆಳು ತಂತಿಯಿಂದ ಹ್ಯಾಂಗರಿಗೆ ಬಿಗಿಯಾಗಿ ಸುತ್ತಿ. ಮುಂದಿನ ಕುಣಿಕೆ ಈ ಗಂಟನ್ನು ಮುಚ್ಚುವಂತೆ ಬರಲಿ. ಒಂದು ಹೊರಕ್ಕೆ, ಒಂದು ಒಳಕ್ಕೆ, ಒಂದು ಮುಂದಕ್ಕೆ ತಿರುಗಿಸುತ್ತಾ ಹೋದರೆ ತುಂಬಿಕೊಂಡ ಹಾಗೆ ಕಾಣುತ್ತದೆ. ಮೊದಲ ಹತ್ತು ಕುಣಿಕೆ ವಕ್ರವಾಗಿರುತ್ತವೆ. ಯೋಚನೆ ಬೇಡ, ಕೊನೆಗೆ ಅಲ್ಲೇ ಒಂದು ರಿಬ್ಬನ್ ಕಟ್ಟಿ.

ಬಣ್ಣ ಬೇಕಿದ್ದರೆ ಕೆಲವು ಸಿಪ್ಪೆಯನ್ನು ಗಟ್ಟಿ ಟೀ ಡಿಕಾಕ್ಷನ್‌ನಲ್ಲಿ ನೆನೆಸಿ, ಕಂದು ಬರುತ್ತದೆ. ಅರಿಶಿನದ ನೀರಿನಲ್ಲಿ ಅದ್ದಿದರೆ ಹಳದಿ ಭರ್ಜರಿ. ಆದರೆ ಅರಿಶಿನ ಬಿಸಿಲಿಗೆ ಬೇಗ ಮಾಸುತ್ತದೆ, ಅದನ್ನು ಮನೆಯೊಳಗಿನ ಗೋಡೆಗೆ ಇಟ್ಟುಕೊಳ್ಳಿ. ಕಟ್ಟಿ ಮುಗಿದ ಮೇಲೆ ಗಾಳಿ ಆಡುವ ಕಡೆ ಒಂದು ದಿನ ತೂಗುಹಾಕಿ. ಒದ್ದೆ ಇರುವಾಗಲೇ ಚೀಲದಲ್ಲಿಟ್ಟರೆ ಬೂಷ್ಟು.

ಎರಡು ಮುಖದ ಬೆರ್ಚಪ್ಪ

ಇದು ನನ್ನ ಮೆಚ್ಚಿನ ಕೆಲಸ. ಹೊಲದಲ್ಲಿ ಹಕ್ಕಿ ಬೆದರಿಸುವ ಬೆರ್ಚಪ್ಪ ಇಲ್ಲಿ ಫಾಲ್ ಅಲಂಕಾರದ ಯಜಮಾನ. ಇಂಡಿಯನ್ ಅಂಗಡಿಯಲ್ಲಿ 10, 20 ಪೌಂಡಿನ ಬಾಸ್ಮತಿ ಅಕ್ಕಿ ಸೆಣಬಿನ ಚೀಲದಲ್ಲೋ ಬಟ್ಟೆ ಚೀಲದಲ್ಲೋ ಬರುತ್ತದಲ್ಲ, ಅದನ್ನು ಎಸೆಯಬೇಡಿ. 10 ಪೌಂಡಿನ ಚೀಲ ತಲೆಗೆ ಸರಿಯಾದ ಅಳತೆ.

ಆರು ಅಡಿಯ ಒಂದು ಕೋಲು, ಮೂರೂವರೆ ಅಡಿಯ ಇನ್ನೊಂದು ಕೋಲು. ದೊಡ್ಡ ಕೋಲಿನ ಮೇಲಿಂದ ಒಂದೂವರೆ ಅಡಿ ಬಿಟ್ಟು ಚಿಕ್ಕದನ್ನು ಅಡ್ಡ ಇಟ್ಟು ಹುರಿಯಿಂದ ಬಿಗಿಯಾಗಿ ಕಟ್ಟಿ. ಅಡ್ಡ ಕೋಲಿಗೆ ತುಂಬುತೋಳಿನ ಹಳೇ ಶರ್ಟು ತೊಡಿಸಿ. ಜೀನ್ಸ್‌ನ ಒಂದು ಕಾಲಿನೊಳಗೆ ಉದ್ದ ಕೋಲು ಹೋಗಲಿ, ಇನ್ನೊಂದು ಕಾಲು ಸುಮ್ನೆ ನೇತಾಡಲಿ. ತೋಳು, ಕಾಲಿನ ತುದಿಗಳನ್ನು ಹುರಿಯಿಂದ ಕಟ್ಟಿ ಒಳಗೆ ತುಂಬಿ. ಒಣ ಎಲೆ ತುಂಬುವುದು ಸುಲಭ, ಆದರೆ ಮಳೆ ಬಿದ್ದರೆ ಕೊಳೆತು ವಾಸನೆ ಬರುತ್ತದೆ. ಮನೆಯಲ್ಲಿ ರಾಶಿ ಬಿದ್ದಿರುವ ಪ್ಲಾಸ್ಟಿಕ್ ಚೀಲಗಳನ್ನು ಮುದುಡಿ ತುಂಬಿ, ಕಾಲರ್ ಮತ್ತು ಕೈತುದಿಯಲ್ಲಿ ಮಾತ್ರ ಒಣಹುಲ್ಲು ಇಣುಕುವಂತೆ ಸಿಕ್ಕಿಸಿ. ಯಾರಿಗೂ ಗೊತ್ತಾಗುವುದಿಲ್ಲ.

ಅಕ್ಕಿ ಚೀಲದ ಒಳಮೈ ಹೊರಗೆ ಬರುವಂತೆ ತಿರುಗಿಸಿ. ಒಂದು ಬದಿಗೆ ನಗುವ ಮುಖ ಬರೆಯಿರಿ, ಗುಂಡಿ ಹೊಲಿದು ಕಣ್ಣು ಮಾಡಿ. ಇನ್ನೊಂದು ಬದಿಗೆ ಕೋರೆಹಲ್ಲು, ಅಗಲ ಕಣ್ಣು, ಬೆಂಗಳೂರಿನಲ್ಲಿ ಕಟ್ಟುತ್ತಿರುವ ಮನೆಗಳ ಮುಂದೆ ಕಾಣುವ ದೃಷ್ಟಿಬೊಂಬೆಯ ಮುಖ. ಆ ಮೀಸೆ, ಆ ನಾಲಗೆ ನಮಗೆ ಚೆನ್ನಾಗಿ ಗೊತ್ತಲ್ವಾ? ಅಮೆರಿಕದ ಬೀದಿಯಲ್ಲಿ ಅಂಥ ಮುಖ ಬೇರೆ ಯಾರ ಮನೆಯಲ್ಲೂ ಇರುವುದಿಲ್ಲ. ಚೀಲ ತುಂಬಿ, ಕೋಲಿನ ತುದಿಗೆ ಸಿಕ್ಕಿಸಿ, ಕತ್ತಿಗೆ ತಿರುಗಿಸಲು ಬರುವಷ್ಟು ಸಡಿಲವಾಗಿ ಹುರಿ ಕಟ್ಟಿ. ಸೆಪ್ಟೆಂಬರಿನಲ್ಲಿ ನಗುಮುಖ ಮುಂದೆ. ಅಕ್ಟೋಬರ್ 15ಕ್ಕೆ ತಲೆ ತಿರುಗಿಸಿ. ನವೆಂಬರ್ 1ಕ್ಕೆ ಮತ್ತೆ ವಾಪಸ್. ಕೋಲನ್ನು ಪೋರ್ಚಿನ ಕಂಬಕ್ಕೆ ಎರಡು ಕಡೆ ಕಟ್ಟುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಮೊದಲ ಬಿರುಗಾಳಿಗೆ ಪಕ್ಕದ ಮನೆಗೆ ಹೋಗಿಬಿಡುತ್ತಾನೆ.

ಹ್ಯಾಲೋವೀನ್ ಪದರ

ಬಾವಲಿಯಿಂದ ಶುರು ಮಾಡಿ. ಕಪ್ಪು ಕಾರ್ಡ್‌ಸ್ಟಾಕ್ ಹಾಳೆಯನ್ನು ನಾಲ್ಕು ಭಾಗ ಮಾಡಿ. ಪ್ರತಿ ಭಾಗವನ್ನು ಮಧ್ಯಕ್ಕೆ ಮಡಿಸಿ, ಮಡಿಕೆಯ ಕಡೆ ಅರ್ಧ ತಲೆ, ಒಂದು ಕಿವಿ, ಹೊರಗಡೆ ಒಂದು ರೆಕ್ಕೆ ಬರೆದು ಕತ್ತರಿಸಿ. ರೆಕ್ಕೆಯ ಕೆಳಗೆ ಮೂರು ಕಮಾನು ಬಂದರೆ ಸಾಕು, ಬಾವಲಿ ಅಂತ ಗೊತ್ತಾಗುತ್ತದೆ. ಮೈಗೆ ಮಾತ್ರ ಟೇಪ್ ಹಚ್ಚಿ ರೆಕ್ಕೆ ಮೇಲಕ್ಕೆ ಬಗ್ಗಿಸಿ, ಹಾರುವ ಹಾಗೆ ಕಾಣುತ್ತದೆ. ಗೋಡೆ ತುಂಬ ಚದುರಿಸಬೇಡಿ. ಒಂದು ಮೂಲೆಯಿಂದ ಹೊರಟು ಮೇಲಕ್ಕೆ ಹರಡುವ ಗುಂಪಾಗಿರಲಿ. ಬುಡದಲ್ಲಿ ಚಿಕ್ಕವು ಒತ್ತಾಗಿ, ಮೇಲೆ ದೊಡ್ಡವು ದೂರದೂರ. ಬಣ್ಣ ಕೀಳದಂಥ ನೀಲಿ ಪೇಂಟರ್ಸ್ ಟೇಪ್ ಒಳ್ಳೆಯದು.

ನಿಂತ ದೆವ್ವಕ್ಕೆ ಚೀಸ್‌ಕ್ಲಾತ್ ಅನ್ನುವ ಜಾಳು ಬಟ್ಟೆ ಬೇಕು. ಹಳೇ ಬಿಳಿ ಪಂಚೆಯ ತುಂಡೂ ಆಗುತ್ತದೆ. ಬಾಟಲಿಯ ಬಾಯಿಗೆ ಊದಿದ ಸಣ್ಣ ಬಲೂನು ಕೂರಿಸಿ, ಟೇಪ್ ಹಾಕಿ, ಕೆಳಗೆ ಪ್ಲಾಸ್ಟಿಕ್ ಹಾಸಿ. ಬಿಳಿ ಅಂಟು ಮತ್ತು ನೀರು ಸಮಪಾಲು ಬೆರೆಸಿ ಬಟ್ಟೆಯನ್ನು ಅದ್ದಿ ಹಿಂಡಿ ಬಲೂನಿನ ಮೇಲೆ ಹೊದಿಸಿ. ಕಾಟನ್ ಸೀರೆಗೆ ಗಂಜಿ ಹಾಕಿ ಗೊತ್ತಿದ್ದವರು ಅಂಟಿನ ಬದಲು ಸಬ್ಬಕ್ಕಿ ಗಂಜಿಯನ್ನೇ ದಪ್ಪಗೆ ಕಾಸಿಕೊಳ್ಳಬಹುದು. ಮನೆಯೊಳಗೆ ಅದು ಚೆನ್ನಾಗಿ ನಿಲ್ಲುತ್ತದೆ, ಹೊರಗಿನ ತೇವಕ್ಕೆ ಮಾತ್ರ ಕುಸಿಯುತ್ತದೆ. ಒಂದು ಹಗಲು ಒಂದು ರಾತ್ರಿ ಒಣಗಲಿ. ಬಲೂನು ಒಡೆದು ತೆಗೆದರೆ ಒಳಗೆ ಏನೂ ಇಲ್ಲದೆ ಬಟ್ಟೆ ನಿಂತಿರುತ್ತದೆ. ಕಪ್ಪು ಕಾಗದದ ಎರಡು ಕಣ್ಣು ಅಂಟಿಸಿ. ಬಾಯಿ ಬೇಡ, ಬಾಯಿ ಬರೆದರೆ ದೆವ್ವ ತಮಾಷೆಯಾಗಿಬಿಡುತ್ತದೆ.

ಅತಿ ಸುಲಭದ್ದು ಪೊದೆಯಲ್ಲಿ ಹೊಳೆಯುವ ಕಣ್ಣು. ಟಾಯ್ಲೆಟ್ ಪೇಪರ್ ಸುತ್ತಿ ಬರುವ ರಟ್ಟಿನ ಕೊಳವೆಯಲ್ಲಿ ಎರಡು ಕಣ್ಣು ಕತ್ತರಿಸಿ, ಒಳಗೆ ಕತ್ತಲಲ್ಲಿ ಹೊಳೆಯುವ ಗ್ಲೋ ಸ್ಟಿಕ್ ಕಡ್ಡಿ ಹಾಕಿ, ಎರಡೂ ಬಾಯಿ ಮುಚ್ಚಿ ಪೊದೆಯೊಳಗೆ ಇಡಿ. 31ರ ಸಂಜೆ ಮಾತ್ರ ಇಟ್ಟರೆ ಸಾಕು. ಮಳೆ ಇದ್ದರೆ ಈ ಆಸೆ ಬಿಡಿ.

ಜೇಡರ ಬಲೆಗೆ ಕಪ್ಪು ಕಸದ ಚೀಲ. ಬದಿ ಕತ್ತರಿಸಿ ಬಿಡಿಸಿ ಚೌಕ ಮಾಡಿ. ಕರ್ಣಕ್ಕೆ ಮಡಿಸಿ ತ್ರಿಕೋನ, ಮತ್ತೊಮ್ಮೆ, ಮತ್ತೊಮ್ಮೆ. ಈಗ ಚಿಕ್ಕ ತ್ರಿಕೋನ ಸಿಗುತ್ತದೆ. ಮಡಿಕೆಗಳೆಲ್ಲ ಸೇರುವ ಚೂಪು ತುದಿಯೇ ಬಲೆಯ ನಡು. ಒಂದು ಉದ್ದ ಅಂಚಿನಿಂದ ಕಮಾನಾಗಿ ಪಟ್ಟಿಗಳನ್ನು ಕತ್ತರಿಸಿ ತೆಗೆಯಿರಿ, ಎದುರಿನ ಅಂಚಿಗೆ ಅರ್ಧ ಇಂಚು ಇರುವಾಗ ನಿಲ್ಲಿಸಿ. ಬಿಡಿಸಿದರೆ ಕಿಟಕಿ ತುಂಬುವ ಬಲೆ. ಹತ್ತಿಯಂತೆ ಎಳೆದು ಹರಡುವ ಬಲೆಯನ್ನು ಅಂಗಡಿಯಿಂದ ತಂದು ಗಿಡಗಳಿಗೆ ಹೊದಿಸುವ ರೂಢಿ ಇದೆ. ಅದು ನನಗೆ ಒಪ್ಪಿಗೆಯಿಲ್ಲ. ಸಣ್ಣ ಹಕ್ಕಿ, ಜೇನುಹುಳ, ನಿಜವಾದ ಬಾವಲಿ ಕೂಡ ಅದರಲ್ಲಿ ಸಿಕ್ಕಿಬೀಳುತ್ತವೆ. ಬೇಕೇ ಬೇಕಾದರೆ ಮನೆಯೊಳಗೆ ಹಾಕಿ.

ಕುಂಬಳಕಾಯಿ

ಮುಖ ಕೆತ್ತಿ ಒಳಗೆ ಬೆಳಕು ಇಡುವ ಈ ದೀಪವನ್ನು ಐರ್ಲೆಂಡಿನಲ್ಲಿ ಮೊದಲು ಟರ್ನಿಪ್ ಗೆಡ್ಡೆಯಲ್ಲಿ ಮಾಡುತ್ತಿದ್ದರು. ಅಲ್ಲಿಂದ ಅಮೆರಿಕಕ್ಕೆ ಬಂದವರಿಗೆ ಇಲ್ಲಿನ ಕುಂಬಳಕಾಯಿ ಸಿಕ್ಕಿತು. ದೊಡ್ಡದು, ಒಳಗೆ ಟೊಳ್ಳು, ಕೆತ್ತಲು ಮೆತ್ತಗೆ. ಗೆಡ್ಡೆ ಮೂಲೆ ಸೇರಿತು.

ಕಾಯಿಯನ್ನು ಸೆಪ್ಟೆಂಬರ್ ಕೊನೆಗೇ ತಂದಿಡಬಹುದು. ಗಾಯವಿಲ್ಲದ ಇಡೀ ಕಾಯಿ ತಂಪು, ಒಣ ಜಾಗದಲ್ಲಿ ಎರಡು ತಿಂಗಳು ಇರುತ್ತದೆ. ಆರಿಸುವಾಗ ತಿರುಗಿಸಿ ತಳ ನೋಡಿ, ಮೊದಲು ಕೊಳೆಯುವುದು ಅಲ್ಲೇ. ತೊಟ್ಟು ಗಟ್ಟಿಯಾಗಿರಬೇಕು, ಆದರೆ ತೊಟ್ಟು ಹಿಡಿದು ಎತ್ತಬೇಡಿ, ಮುರಿದರೆ ಅಲ್ಲಿಂದಲೂ ಕೊಳೆ ಶುರು. ಮನೆಗೆ ತಂದು ಒಂದು ಗ್ಯಾಲನ್ ನೀರಿಗೆ ಒಂದು ಟೇಬಲ್‌ಸ್ಪೂನ್ ಬ್ಲೀಚ್ ಹಾಕಿ ಒರೆಸಿ, ಒಣಗಿಸಿ. ಪೋರ್ಚಿನಲ್ಲಿ ನೇರ ಸಿಮೆಂಟಿನ ಮೇಲೆ ಇಡದೆ ರಟ್ಟು ಹಾಸಿ ಇಡಿ. ರಾತ್ರಿ ಹೆಪ್ಪುಗಟ್ಟುವ ಚಳಿ ಬರುವ ಸೂಚನೆ ಇದ್ದರೆ ಒಳಗೆ ತನ್ನಿ. ಹೆಪ್ಪುಗಟ್ಟಿ ಕರಗಿದ ಕುಂಬಳಕಾಯಿ ಮೆತ್ತಗಾಗಿ ಕುಸಿಯುತ್ತದೆ.

ತಂದ ಕಾಯಿಗಳಲ್ಲಿ ಒಂದನ್ನೋ ಎರಡನ್ನೋ ಮಾತ್ರ ಕೆತ್ತಿ. ಉಳಿದವು ಹಾಗೇ ಇರಲಿ, ಅಥವಾ ಅವಕ್ಕೆ ಬಣ್ಣ ಹಚ್ಚಿ. ಅಕ್ರಿಲಿಕ್ ಬಣ್ಣದಲ್ಲಿ ಕಾಯಿಯ ಮೇಲೆ ರಂಗೋಲಿ ಎಳೆಯುವುದು ಚಾಕು ಹಿಡಿಯಲಾಗದ ಮಕ್ಕಳಿಗೂ ಅಜ್ಜಿಯರಿಗೂ ಒಳ್ಳೆಯ ಕೆಲಸ. ಕಪ್ಪು ಬಣ್ಣ ಬಳಿದು ಬಿಳಿ ಎಳೆ ಎಳೆದರೆ ಇನ್ನೂ ಚೆಂದ.

ಕೆತ್ತಿದ ಕಾಯಿ ಮೂರರಿಂದ ಐದು ದಿನ ಬಾಳುತ್ತದೆ, ಚಳಿ ಚೆನ್ನಾಗಿದ್ದರೆ ಒಂದು ವಾರ. ಹಾಗಾಗಿ ಅಕ್ಟೋಬರ್ 28ಕ್ಕಿಂತ ಮುಂಚೆ ಚಾಕು ಮುಟ್ಟಬೇಡಿ. 29, 30 ಸರಿಯಾದ ದಿನ. ಕ್ರಮ ಹೀಗೆ:

1. ಬ್ಯಾಟರಿ ದೀಪ ಇಡುವುದಾದರೆ ಕಾಯಿಯ ಮುಚ್ಚಳ ಕತ್ತರಿಸಬೇಡಿ. ತಳದಲ್ಲಿ ಕೈ ಹೋಗುವಷ್ಟು ದೊಡ್ಡ ತೂತು ಮಾಡಿ. ದೀಪವನ್ನು ನೆಲಕ್ಕಿಟ್ಟು ಮೇಲೆ ಕಾಯಿ ಮುಚ್ಚಿದರೆ ಆಯಿತು. ತೊಟ್ಟು ಇಡಿಯಾಗಿ ಉಳಿಯುತ್ತದೆ, ಮೇಲ್ಭಾಗ ಒಳಕ್ಕೆ ಕುಸಿಯುವುದಿಲ್ಲ.

2. ಬೀಜ, ನಾರು ತೆಗೆಯಿರಿ. ಗಟ್ಟಿ ಐಸ್‌ಕ್ರೀಮ್ ಚಮಚ ಇದಕ್ಕೆ ಸರಿ. ಮುಖ ಬರುವ ಕಡೆ ಗೋಡೆಯನ್ನು ಕೆರೆದು ಒಂದು ಇಂಚು ದಪ್ಪಕ್ಕೆ ತನ್ನಿ. ತುಂಬ ಜನ ಈ ಹೆಜ್ಜೆ ಬಿಡುತ್ತಾರೆ, ಆಮೇಲೆ ಚಾಕು ಓಡುವುದಿಲ್ಲ ಅಂತ ಗೋಳಾಡುತ್ತಾರೆ. ಒಳಗೆ ನಾರು ಉಳಿದಷ್ಟೂ ಬೂಷ್ಟು ಬೇಗ.

3. ಮುಖವನ್ನು ಕಾಗದದಲ್ಲಿ ಬರೆದು ಕಾಯಿಗೆ ಅಂಟಿಸಿ, ಗೆರೆಯ ಉದ್ದಕ್ಕೂ ಪಿನ್ನಿನಿಂದ ಚುಚ್ಚಿ. ಕಾಗದ ತೆಗೆದರೆ ಚುಕ್ಕಿ ಉಳಿದಿರುತ್ತದೆ. ಚುಕ್ಕಿ ಸರಿಯಾಗಿ ಕಾಣದಿದ್ದರೆ ಮೇಲೆ ಒಂದಿಷ್ಟು ಹಿಟ್ಟು ಸವರಿ.

4. ಕತ್ತರಿಸಲು ಅಡುಗೆಮನೆಯ ದೊಡ್ಡ ಚಾಕು ಬೇಡ. ಅಂಗಡಿಯಲ್ಲಿ ಸಿಗುವ ಪುಟ್ಟ ಗರಗಸವೇ ಒಳ್ಳೆಯದು, ಜಾರಿದರೂ ಆಳ ಗಾಯವಾಗುವುದು ಕಡಿಮೆ. ಮೊದಲು ಚಿಕ್ಕ ಭಾಗ, ಕೊನೆಗೆ ದೊಡ್ಡ ಬಾಯಿ. ಬಾಯಿ ಮೊದಲೇ ಕತ್ತರಿಸಿದರೆ ಗೋಡೆ ಸಡಿಲಾಗಿ ಕಣ್ಣು ಕತ್ತರಿಸುವಾಗ ಮುರಿಯುತ್ತದೆ. ಮಕ್ಕಳು ಬರೆಯಲಿ, ದೊಡ್ಡವರು ಕತ್ತರಿಸಲಿ.

5. ಒಳಗೂ ಕತ್ತರಿಸಿದ ಅಂಚಿಗೂ ಅದೇ ಬ್ಲೀಚ್ ನೀರು ಚಿಮುಕಿಸಿ, ಒಣಗಿದ ಮೇಲೆ ಅಂಚಿಗೆ ವ್ಯಾಸಲಿನ್ ಸವರಿ. ನೀರಿನಂಶ ಹೋಗುವುದು ತಡವಾಗುತ್ತದೆ. ಕಾಯಿ ಸೊರಗಿದ ಹಾಗೆ ಕಂಡರೆ ತಣ್ಣೀರಿನ ಬಕೆಟ್ಟಿನಲ್ಲಿ ಕೆಲವು ಗಂಟೆ ಮುಳುಗಿಸಿಡಿ, ಚೇತರಿಸಿಕೊಳ್ಳುತ್ತದೆ.

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲೂ ಈಗ ಹ್ಯಾಲೋವೀನ್ ನಡೆಯುತ್ತದೆ. ಅಲ್ಲಿ ಸಿಹಿಗುಂಬಳ ಕೆತ್ತುವುದಾದರೆ ಅದೇ ದಿನ ಬೆಳಿಗ್ಗೆ ಕೆತ್ತಿ. ನಮ್ಮ ಕಾಯಿಯ ತಿರುಳು ದಪ್ಪ, ಹವೆ ಬೆಚ್ಚಗೆ. ಸಣ್ಣ ಕಾಯಿ, ಸರಳ ಮುಖ ಸಾಕು. ತೆಗೆದ ತಿರುಳು ಪಲ್ಯಕ್ಕಾಗುತ್ತದೆ.

ದೀಪ, ಬಾಗಿಲು

ಒಣ ಎಲೆ, ಜೋಳದ ಸಿಪ್ಪೆ, ಹುಲ್ಲು, ಕಾಗದ. ಇಲ್ಲಿ ಹೇಳಿದ್ದೆಲ್ಲ ಬೆಂಕಿ ಹಿಡಿಯುವ ವಸ್ತುವೇ. 31ರ ಸಂಜೆ ವೇಷ ಹಾಕಿ, ಉದ್ದ ನಿಲುವಂಗಿ ತೊಟ್ಟ ಮಕ್ಕಳು ಕ್ಯಾಂಡಿ ಕೇಳಲು ಗುಂಪಾಗಿ ಬಾಗಿಲಿಗೆ ಬರುತ್ತಾರೆ. ಆದ್ದರಿಂದ ಮೇಣದಬತ್ತಿ ಬೇಡ, ಎಲ್‌ಇಡಿ ದೀಪ ಬಳಸಿ. ಅವುಗಳಲ್ಲೂ ಒಂದು ಅಪಾಯವಿದೆ. ಪುಟ್ಟ ಎಲ್‌ಇಡಿ ದೀಪಗಳಲ್ಲಿ ಗುಂಡಿಯಂಥ ಬ್ಯಾಟರಿ ಇರುತ್ತದೆ, ಮಗು ನುಂಗಿದರೆ ಜೀವಕ್ಕೇ ಅಪಾಯ. ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇರುವುದನ್ನೇ ಕೊಳ್ಳಿ. ದೀಪದ ಸರ ಹೊರಗೆ ಹಾಕುವುದಾದರೆ ಹೊರಾಂಗಣಕ್ಕೆ ಅಂತ ಬರೆದಿದೆಯೇ ನೋಡಿ. ಮೆಟ್ಟಿಲು, ದಾರಿಯಲ್ಲಿ ವೈರ್ ಬರಬಾರದು.

ಪೋರ್ಚ್ ಲೈಟ್ ಉರಿಯುತ್ತಿದ್ದರೆ ಈ ಮನೆಯಲ್ಲಿ ಕ್ಯಾಂಡಿ ಸಿಗುತ್ತದೆ ಅಂತ ಅರ್ಥ. ಖಾಲಿಯಾದಾಗ ಆರಿಸಿ. ಶೇಂಗಾ, ಹಾಲು ಇತ್ಯಾದಿ ಅಲರ್ಜಿ ಇರುವ ಮಕ್ಕಳಿಗೆ ಸ್ಟಿಕ್ಕರ್, ಪೆನ್ಸಿಲ್ ಕೂಡ ಇಟ್ಟಿದ್ದರೆ ಒಂದು ಕಾಯಿಗೆ ಟೀಲ್ ಬಣ್ಣ, ಅಂದರೆ ಹಸಿರು ಬೆರೆತ ನೀಲಿ, ಬಳಿದು ಬಾಗಿಲಲ್ಲಿಡಿ. ಆಹಾರ ಅಲರ್ಜಿಗಾಗಿ ಕೆಲಸ ಮಾಡುವ ಫೇರ್ ಸಂಸ್ಥೆ 2014ರಲ್ಲಿ ಇದನ್ನು ದೇಶದಾದ್ಯಂತ ಶುರು ಮಾಡಿತು. ಗೊತ್ತಿರುವ ಅಪ್ಪ ಅಮ್ಮಂದಿರು ದೂರದಿಂದಲೇ ಗುರುತಿಸುತ್ತಾರೆ.

ದಸರೆ, ದೀಪಾವಳಿ ನಡುವೆ ಬಂದಾಗ

ನಮ್ಮ ಹಬ್ಬಗಳೂ ಇದೇ ಸಮಯಕ್ಕೆ ಬರುತ್ತವೆ. 2024ರಲ್ಲಿ ನರಕ ಚತುರ್ದಶಿ ಅಕ್ಟೋಬರ್ 31ಕ್ಕೇ ಬಂದಿತ್ತು. 2026ರಲ್ಲಿ ವಿಜಯದಶಮಿ ಅಕ್ಟೋಬರ್ 20, ದೀಪಾವಳಿ ಅಮಾವಾಸ್ಯೆ ನವೆಂಬರ್ 8ರ ಸುಮಾರಿಗೆ. ಬೊಂಬೆ ಕೂರಿಸುವ ಕೋಣೆಯಲ್ಲಿ ಬಾವಲಿ ಬೇಡ ಅನ್ನುವ ಮನೆಯವರು ಹ್ಯಾಲೋವೀನ್ ಪದರವನ್ನು ಬಾಗಿಲಿನ ಆಚೆಗೆ ಮಾತ್ರ ಇಟ್ಟುಕೊಳ್ಳಬಹುದು. ಮೇಪಲ್ ತೋರಣ, ಪುಟ್ಟ ಕುಂಬಳಕಾಯಿ, ಬಣ್ಣದ ಜೋಳದ ತೆನೆ ಬೊಂಬೆ ಮೆಟ್ಟಿಲ ಪಕ್ಕ ಬಲು ಚೆನ್ನಾಗಿ ಹೊಂದುತ್ತವೆ.

ಚೆಂಡುಹೂ ಬೇಕಾದರೆ ಮತ್ತೆ ಮೆಕ್ಸಿಕನ್ ಅಂಗಡಿಗೇ ಹೋಗಿ. ನವೆಂಬರ್ 1 ಮತ್ತು 2ರಂದು ಅವರು ತೀರಿಹೋದ ಹಿರಿಯರನ್ನು ನೆನೆಯುವ ಹಬ್ಬ ಮಾಡುತ್ತಾರೆ, ಅದಕ್ಕೆ ಚೆಂಡುಹೂವೇ ಮುಖ್ಯ. ಈ ಹೂವಿನ ತವರೂ ಅದೇ ನೆಲ, ನಮ್ಮಲ್ಲಿಗೆ ಬಂದದ್ದು ಆಮೇಲೆ. ಮನೆಯ ತೋಟದಲ್ಲಿ ಬೆಳೆದಿದ್ದರೆ ಮೊದಲ ಫ್ರಾಸ್ಟ್, ಅಂದರೆ ಹೆಪ್ಪುಗಟ್ಟಿದ ಇಬ್ಬನಿ, ಬೀಳುವ ಹಿಂದಿನ ದಿನ ಎಲ್ಲ ಕಿತ್ತು ಸರ ಪೋಣಿಸಿ. ನೆರಳಲ್ಲಿ ಒಣಗಿದ ಸರ ಬಣ್ಣ ಬಿಡದೆ ಥ್ಯಾಂಕ್ಸ್‌ಗಿವಿಂಗ್‌ವರೆಗೆ ಇರುತ್ತದೆ.

ನವೆಂಬರ್ 1ರ ಬೆಳಿಗ್ಗೆ

ಬೆರ್ಚಪ್ಪನ ತಲೆ ತಿರುಗಿಸಿ. ಬಾವಲಿಗಳನ್ನು ಚಪ್ಪಟೆ ಮಾಡಿ ಒಂದು ಲಕೋಟೆಗೆ ಹಾಕಿ, ಮುಂದಿನ ವರ್ಷಕ್ಕಾಗುತ್ತವೆ. ಕಸದ ಚೀಲದ ಬಲೆಯನ್ನೂ ಮಡಿಸಿಡಬಹುದು.

ಕೆತ್ತಿದ ಕಾಯಿಯನ್ನು ಒಡೆದು ಕಾಂಪೋಸ್ಟಿಗೆ ಹಾಕಿ. ಎಷ್ಟೋ ಊರುಗಳಲ್ಲಿ ಕುಂಬಳಕಾಯಿ ಸಂಗ್ರಹಕ್ಕೇ ಒಂದು ದಿನ ಇಟ್ಟಿರುತ್ತಾರೆ, ಸಿಟಿ ವೆಬ್‌ಸೈಟ್ ನೋಡಿ. ಬಣ್ಣ ಹಚ್ಚಿದ ಕಾಯಿ ಕಾಂಪೋಸ್ಟಿಗೆ ಬೇಡ. ಬೀಜ ಎತ್ತಿಟ್ಟಿದ್ದರೆ ತೊಳೆದು ಪೂರ್ತಿ ಒಣಗಿಸಿ, ಎಣ್ಣೆ, ಉಪ್ಪು, ಅಚ್ಚಖಾರದಪುಡಿ ಸವರಿ 325 ಡಿಗ್ರಿ ಅವನ್‌ನಲ್ಲಿ 20 ನಿಮಿಷ ಹುರಿಯಿರಿ, ನಡುವೆ ಒಮ್ಮೆ ಕೈಯಾಡಿಸಿ. ಕೆತ್ತಲು ಮಾರುವ ದೊಡ್ಡ ಕಾಯಿ ನೀರುನೀರು, ರುಚಿಯಿಲ್ಲ. ಹುಳಿಗೋ ಕಡುಬಿಗೋ ಬೇಕಿದ್ದರೆ ಅಲಂಕಾರಕ್ಕಿಟ್ಟ ಚಿಕ್ಕ ಶುಗರ್ ಪಂಪ್‌ಕಿನ್ ತಗೊಳ್ಳಿ. ಬಣ್ಣ ಹಚ್ಚದೆ, ಚಳಿಗೆ ಹೆಪ್ಪುಗಟ್ಟದೆ ಉಳಿದಿದ್ದರೆ ಸಿಪ್ಪೆ ಚೆನ್ನಾಗಿ ತೊಳೆದು ನೇರ ಅಡುಗೆಮನೆಗೆ ತರಬಹುದು.